ಮೂರು ದಿನದ ಮೀನು

ಕಿರ್ರ್, ಕಿರ್ರ್, ಕಿರ್ರ್. ಅಕ್ಕಲಕೋಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಸಂಜೆಯ ಹೊತ್ತು ಆ ಸಪ್ಪಳ ಎದ್ದಿತೆಂದರೆ ನಾನು ಎಲ್ಲಿದ್ದರೂ ಕೈಯೊಳಗಿನದನ್ನು ಬಿಟ್ಟು ಓಡಿ ಬರುತ್ತಿದ್ದೆ. ಅಪ್ಪ ಕಂಬಕ್ಕೆ ಬೆನ್ನು ಕೊಟ್ಟು ಕುಳಿತು, ಗಾಳದ ಕೋಲಿನ ಹಿತ್ತಾಳೆಯ ರೀಲಿಗೆ ಹೊಲಿಗೆ ಮಶೀನಿನ ಎಣ್ಣೆ ಒಂದೇ ಹನಿ ಬಿಟ್ಟು, ಹಿಡಿಕೆ ತಿರುವಿ, ಕಿವಿಯ ಹತ್ತಿರ ಹಿಡಿದು ಕೇಳುತ್ತಿದ್ದರು. ನನ್ನ ಮಟ್ಟಿಗೆ ಆ ಸಪ್ಪಳಕ್ಕೆ ಒಂದೇ ಅರ್ಥವಿತ್ತು: ನಾಳೆ ಅಪ್ಪ ನನ್ನವರು.

ಬೇಸಿಗೆಯ ಸೂಟಿಯ ಎರಡು ತಿಂಗಳು ಬಿಟ್ಟರೆ ವರ್ಷದಲ್ಲಿ ಹತ್ತು ತಿಂಗಳು ನಾನು ಪುಣೆಯ ಒಂದು ಕಾನ್ವೆಂಟಿನ ಬೋರ್ಡಿಂಗಿನಲ್ಲಿರುತ್ತಿದ್ದೆ. ಅವ್ವ ತೀರಿಕೊಂಡಾಗ ನನಗೆ ಏಳು ವರ್ಷ. ಅಪ್ಪ ಸಂಸ್ಥಾನದಲ್ಲಿ ಓವರ್‌ಸಿಯರ್. ರಸ್ತೆ, ಕೆರೆಯ ಏರಿ, ಸೇತುವೆ ಎಂದು ತಿಂಗಳಲ್ಲಿ ಇಪ್ಪತ್ತು ದಿನ ಊರೂರು ತಿರುಗುವ ಕೆಲಸ. ಹೆಣ್ಣು ಕೂಸನ್ನು ನೋಡಿಕೊಳ್ಳುವವರು ಯಾರು? ಅವರ ಮೇಲಿನ ಬಿಳಿಯ ಇಂಜಿನಿಯರ್ ಸಾಹೇಬರು ಒಂದು ಚೀಟಿ ಬರೆದುಕೊಟ್ಟರು, ನಾನು ಪುಣೆಯ ರೈಲು ಹತ್ತಿದೆ. ಮನೆ ನೋಡಿಕೊಳ್ಳಲೆಂದು ವಾಗದರಿಯಿಂದ ಅಪ್ಪನ ವಿಧವೆ ಅಕ್ಕ, ನಮ್ಮ ಅತ್ತೆ, ಬಂದು ಸೇರಿದ್ದು ಅದಾಗಿ ಎರಡು ವರ್ಷಕ್ಕೆ. ಅಷ್ಟೊತ್ತಿಗೆ ನಾನು ಚಮಚದಲ್ಲಿ ಅನ್ನ ಉಣ್ಣುವುದನ್ನೂ ಸಪ್ಪಳ ಮಾಡದೆ ಅಳುವುದನ್ನೂ ಕಲಿತು ಮುಗಿಸಿದ್ದೆ.

ಡಾರ್ಮಿಟರಿಯಲ್ಲಿ ಇಪ್ಪತ್ನಾಲ್ಕು ಕಬ್ಬಿಣದ ಮಂಚ. ನನ್ನದು ಕಿಟಕಿಯಿಂದ ಮೂರನೆಯದು. ಭಾನುವಾರ ಮಧ್ಯಾಹ್ನ ಎಲ್ಲರೂ ಮನೆಗೆ ಪತ್ರ ಬರೆಯಬೇಕು. ಇಂಗ್ಲಿಷಿನಲ್ಲೇ ಬರೆಯಬೇಕು, ಬರೆದದ್ದನ್ನು ಸಿಸ್ಟರ್ ಓದಿ ತಿದ್ದಿದ ಮೇಲೆಯೇ ಲಕೋಟೆಗೆ ಹಾಕಬೇಕು. ಮೊದಲ ಸಾಲು ಬೋರ್ಡಿನ ಮೇಲೆಯೇ ಇರುತ್ತಿತ್ತು: ಐ ಯಾಮ್ ವೆಲ್ ಯಾಂಡ್ ಹ್ಯಾಪಿ. ಆರು ವರ್ಷ ನಾನು ಅದನ್ನೇ ಬರೆದೆ. ಅಪ್ಪ ಆ ಪತ್ರಗಳನ್ನೆಲ್ಲ ಕಚೇರಿಯ ಕಾಗದಗಳಂತೆ ಮೂಲೆಗೆ ತೂತು ಹೊಡೆದು, ಕೆಂಪು ಲಾಡಿ ಪೋಣಿಸಿ ಒಂದು ಫೈಲು ಮಾಡಿದ್ದರು. ಅವರು ನನ್ನನ್ನು ಬಲ್ಲದ್ದು ಬಹುಮಟ್ಟಿಗೆ ಆ ಫೈಲಿನಿಂದ.

ನಾವು ಲಿಂಗವಂತರು. ಮನೆಯಲ್ಲಿ ಮೀನಿನ ಹೆಸರನ್ನೂ ಊಟದ ಹೊತ್ತಿನಲ್ಲಿ ಎತ್ತುವಂತಿಲ್ಲ. ಆದರೂ ಅಪ್ಪನಿಗೆ ಗಾಳದ ಹುಚ್ಚು ಹತ್ತಿತ್ತು. ಆ ಇಂಜಿನಿಯರ್ ಸಾಹೇಬರು ಪೆನ್ಶನ್ ಆಗಿ ವಿಲಾಯತಿಗೆ ಹೋಗುವಾಗ ತಮ್ಮ ಕೋಲು, ರೀಲು, ಮೀನು ಹಿಡಿಯುವುದರ ಮೇಲಿನ ಒಂದು ದಪ್ಪ ಪುಸ್ತಕ ಅಪ್ಪನಿಗೆ ಬಿಟ್ಟು ಹೋದರು. ಅವ್ವ ಹೋದ ವರ್ಷವೇ ಅದು. ನೀರಿನ ದಂಡೆಗೆ ಕುಳಿತುಕೊಳ್ಳಲು ಅಪ್ಪನಿಗೆ ಒಂದು ನೆವ ಬೇಕಾಗಿತ್ತೆಂದು ಈಗ ಅನಿಸುತ್ತದೆ. ಹಿಡಿದ ಮೀನನ್ನು ಅವರು ಒದ್ದೆ ಕೈಯಿಂದ ಹಿಡಿದು, ಗಾಳ ಬಿಡಿಸಿ, ಹೊಳ್ಳಿ ನೀರಿಗೇ ಬಿಡುತ್ತಿದ್ದರು. ಗಾಳಕ್ಕೆ ಹುಳ ಚುಚ್ಚುತ್ತಿರಲಿಲ್ಲ, ಕಪ್ಪೆ ಕಟ್ಟುತ್ತಿರಲಿಲ್ಲ. ಜೋಳದ ಹಿಟ್ಟು, ಒಂದು ಹಿಡಿ ಗೋಧಿ ಹಿಟ್ಟು, ಇಂಗು, ಬೆಲ್ಲ ಸೇರಿಸಿ ನಾದಿದ ಉಂಡೆ, ಅದೇ ಅವರ ಎರೆ.

ಅತ್ತೆ ಬಿಡುತ್ತಿರಲಿಲ್ಲ. "ಅಲ್ಲೋ ತಮ್ಮಾ, ಹುಳಾ ಚುಚ್ಚಿದ್ರ ಪಾಪ, ಮೀನಿನ ಬಾಯಾಗ ಚುಚ್ಚಿದ್ರ ಪುಣ್ಯಾನೋ?"

"ಮೀನ ತಾನಾಗೇ ಬರ್ತದ ಅಕ್ಕಾ," ಎನ್ನುತ್ತಿದ್ದರು ಅಪ್ಪ. "ಹುಳಾ ತಾನಾಗೇ ಬರೂದಿಲ್ಲ. ಅದಕ್ಕ ನಾವು ಒಯ್ದು ಚುಚ್ಚಬೇಕು."

"ದೊಡ್ಡ ನ್ಯಾಯಾಧೀಶ ನೋಡು," ಎಂದು ಅತ್ತೆ ಒಳಗೆ ಹೋಗುತ್ತಿದ್ದರು.

ಈ ಕಟ್ಟಳೆಯಿಂದಾಗಿ ಅಪ್ಪನಿಗೆ ಹಿಡಿಯಲು ಉಳಿದಿದ್ದವು ಹಿಟ್ಟು ತಿನ್ನುವ ಮೀನುಗಳು ಮಾತ್ರ. ಅಂಥವು ಮೂರೇ ಜಾತಿ, ಯಾವುದು ಎಲ್ಲಿ ಸಿಗುತ್ತದೆ ಎಂದು ಬಲ್ಲವನು ನಮ್ಮ ಊರ ಕೆರೆಯ ದೋಣಿ ಕಾಯುತ್ತಿದ್ದ ಅಂಬಿಗರ ಮುದುಕ. ನಾನು ಅವನನ್ನು ಕಾಕಾ ಎನ್ನುತ್ತಿದ್ದೆ. ರೀಲಿನ ಸಪ್ಪಳ ಅವನಿಗೂ ಹೇಗೋ ಮುಟ್ಟುತ್ತಿತ್ತು. ಬಂದು ಕಟ್ಟೆಯ ಕೆಳಗಿನ ಮೆಟ್ಟಿಲ ಮೇಲೆ ಕುಳಿತು, ರುಮಾಲಿನಿಂದ ಮುಖ ಒರೆಸಿಕೊಂಡು ಕೇಳುತ್ತಿದ್ದ:

"ಯಾವ ಮೀನ ಮಾಡೂಣ್ರಿ ಸಾಹೇಬ್ರ?"

"ನಮ್ಮ ಮಡ್ಡಮ್ಮಗ ಕೇಳು. ಸೂಟಿ ಆಕೀದು."

ಬಿಳಿಯರ ಹೆಂಗಸರಿಗೆ ನಮ್ಮ ಕಡೆ ಮಡ್ಡಮ್ಮ ಎನ್ನುತ್ತಾರೆ. ಕಾನ್ವೆಂಟಿಗೆ ಹೋದ ನನಗೂ ಮನೆಯಲ್ಲಿ ಅದೇ ಹೆಸರು ಬಿದ್ದಿತ್ತು. ಪ್ರೀತಿಯಿಂದಲೇ ಕರೆಯುತ್ತಿದ್ದರು, ಬಿಡಿ. ಆದರೂ ಕರೆದಾಗಲೆಲ್ಲ ಹೊರಗಿನವಳನ್ನು ಒಳಗೆ ಕರೆದಂತೆ ಕೇಳಿಸುತ್ತಿತ್ತು.

ಕಾಕಾ ಬೆರಳು ಮಡಚಿ ಹೇಳುತ್ತಿದ್ದ. ಅಂಗೈಯಷ್ಟು ಬೆಳ್ಳಿ ಮೀನು ಬೇಕೆಂದರೆ ಊರ ಕೆರೆ. ಬೆಳಿಗ್ಗೆ ಹೋಗಿ ಉಣ್ಣುವ ಹೊತ್ತಿಗೆ ಬರಬಹುದು. ಕೆಂಪು ರೆಕ್ಕೆಯ ಮೀನು ಬೇಕೆಂದರೆ ಬೋರಿ ಹೊಳೆ. ಒಂದು ದಿನದ ಕೆಲಸ. ಮೂರನೆಯದು ಮಹಶೀರ್. ಅದಕ್ಕೆ ಭೀಮೆಗೇ ಹೋಗಬೇಕು, ಭಂಡಾರಕವಠೆಯ ಕೆಳಗೆ ಬಂಡೆಗಳ ನಡುವೆ ಬೇಸಿಗೆಯಲ್ಲೂ ಬತ್ತದ ಮಡು ಇದೆ, ಅಲ್ಲಿಗೆ. ದಮಣಿ ಗಾಡಿ ಕಟ್ಟಿಕೊಂಡು ಹೋಗಲು ಒಂದು ದಿನ, ಹೊಳೆಯಲ್ಲಿ ಒಂದು ದಿನ, ಬರಲು ಒಂದು ದಿನ.

ಮಹಶೀರಿಗೆ ಇಂಡಿಯಾದ ಸಾಮನ್ ಎನ್ನುತ್ತಾರೆಂದು ಸಾಹೇಬರ ಪುಸ್ತಕದಲ್ಲಿತ್ತು. ಅಪ್ಪ ಅದನ್ನು ನನಗೆ ಗಟ್ಟಿಯಾಗಿ ಓದಿ ಹೇಳಿದಾಗ ಸಾಲ್ಮನ್ ಎಂದರು. "ಪಪ್ಪಾ, ಎಲ್ ಸೈಲೆಂಟ್," ಎಂದೆ ನಾನು. ಅವರು "ಹೌದೇನು?" ಎಂದು ನಕ್ಕು, ಪುಸ್ತಕ ಮುಚ್ಚಿಟ್ಟರು. ಆಮೇಲೆ ಅದನ್ನು ನನಗೆ ಎಂದೂ ಓದಿ ಹೇಳಲಿಲ್ಲ. ನಾನು ತಿದ್ದದೆ ಇದ್ದಿದ್ದರೆ ಏನಾಗುತ್ತಿತ್ತು ನನಗೆ!

ನಾನು ಹೇಳಹೊರಟ ಬೇಸಿಗೆಗೆ ಬರುತ್ತೇನೆ. ಸೊಲ್ಲಾಪುರದಲ್ಲಿ ಮೂವತ್ತರ ಮಾರ್ಶಲ್ ಲಾ ಆಗಿ ಎರಡು ವರ್ಷ ಕಳೆದಿತ್ತು. ನನಗೆ ಹದಿಮೂರು. ಮನೆಗೆ ಬಂದ ಮರುದಿನವೇ, ನನ್ನ ತಲೆಗೆ ಎಣ್ಣೆ ಹಚ್ಚುತ್ತ ಅತ್ತೆ ಹೇಳಿದರು: "ಈ ಸಲ ನಿಮ್ಮಪ್ಪಂದು ಒಂದು ವಿಚಾರ ಅದ. ನಿನ್ನ ಇಲ್ಲೇ ಇಟಗೊಂಡು ಸೊಲ್ಲಾಪುರದ ಸಾಲಿಗೆ ಹಾಕಬೇಕೋ, ಮ್ಯಾಟ್ರಿಕ್ ಆಗೂತನಾ ಅಲ್ಲೇ ಬಿಡಬೇಕೋ ಅಂತ. ನಾ ಏನರ ಕೇಳಿದ್ರ ಬಾಯಿ ಬಿಡಾಂವಲ್ಲ. ಸೂಟಿ ಮುಗಿಯೂದ್ರಾಗ ಹೇಳ್ತೀನಿ ಅಂದಾನ."

ಅತ್ತೆಯ ಕೈಯೊಳಗಿಂದಲೇ ತಲೆ ತಿರುವಿ ಅವರನ್ನು ನೋಡಿದೆ. "ನಿನಗೇನು ಬೇಕಾಗ್ಯದ, ನೀನೇ ಹೇಳಬಾರದೇನ?" ಎಂದರು.

ಹೇಳಬಾರದೇಕೆ? ಒಂದೇ ಮಾತು. ಅಪ್ಪಾ, ನಾ ಮನ್ಯಾಗ ಇರ್ತೀನಿ. ಆದರೆ ಅಪ್ಪನ ಮುಂದೆ ನಿಂತರೆ ಆ ಮಾತು ಹೊರಡುತ್ತಿರಲಿಲ್ಲ. ಆರು ವರ್ಷ ವೆಲ್ ಯಾಂಡ್ ಹ್ಯಾಪಿ ಎಂದು ಬರೆದವಳು ಈಗ ಯಾವ ಬಾಯಿಂದ ಹೇಳಲಿ? ಅಪ್ಪ ಕೂಡ ಮನೆಯಲ್ಲಿ ಮಾತಿನವರಲ್ಲ. ಊಟ ಆಯಿತೇ, ಪುಸ್ತಕ ಓದಿದೆಯಾ, ಅಷ್ಟೇ. ನೀರಿನ ದಂಡೆಗೆ ಕುಳಿತಾಗ ಮಾತ್ರ, ಕಣ್ಣು ದಾರದ ಮೇಲಿಟ್ಟು, ನನ್ನ ಮುಖ ನೋಡದೆಯೇ ಏನಾದರೂ ಹೇಳುತ್ತಿದ್ದರು. ಅವ್ವನ ಬಗ್ಗೆ ನಾನು ಕೇಳಿದ್ದೆಲ್ಲ ಹಾಗೆ ಕೇಳಿದ್ದು. ಮಾತಾಡುವುದಾದರೆ ಅಲ್ಲೇ ಎಂದು ನಿಶ್ಚಯ ಮಾಡಿಕೊಂಡೆ.

ಮೇ ತಿಂಗಳ ನಡುವೆ ಒಂದು ಸಂಜೆ ಕಿರ್ರ್ ಎಂದಿತು. ಕಾಕಾ ಬಂದು ಕುಳಿತ.

"ಹೇಳ್ರಿ ಮಡ್ಡಮ್ಮಾರ. ಕೆರಿಯೋ, ಬೋರಿಯೋ?"

"ಮಹಶೀರ್," ಎಂದೆ.

ಕಾಕಾನ ಕೈ ರುಮಾಲಿನ ಮೇಲೆಯೇ ನಿಂತಿತು. "ಅಬ್ಬಬ್ಬಾ. ಅದು ದೊಡ್ಡವರ ಮೀನ್ರಿ. ನಿಮ್ಮ ಕೈಯಾನ ಕೋಲ ಮುರಕೊಂಡು ಹೋಗ್ತದ. ಅದಕ್ಕಿಂತ ಬೋರಿ ಚಲೋ. ಇಲ್ಲೇ ಹೋಗಿ ಇಲ್ಲೇ ಬರೂದು."

"ಇಲ್ಲ. ಮಹಶೀರೇ ಬೇಕು."

"ಯಾಕ ಬೇಕು?" ಎಂದರು ಅಪ್ಪ, ರೀಲಿನಿಂದ ತಲೆ ಎತ್ತಿ.

ಅದಕ್ಕೆ ಮೂರು ದಿನ ಬೇಕು ಅಂತ, ಎನ್ನಲಾಗಲಿಲ್ಲ. ನೇಚರ್ ಸ್ಟಡಿಯ ಸಿಸ್ಟರ್ ಐರ್ಲಂಡಿನವರು. ಅವರ ಊರ ಹೊಳೆಯ ಸಾಮನ್ ಮೀನು ಸಮುದ್ರಕ್ಕೆ ಹೋಗಿ, ದೊಡ್ಡದಾಗಿ, ತಾನು ಹುಟ್ಟಿದ ಹೊಳೆಯನ್ನೇ ಹುಡುಕಿಕೊಂಡು ಹೊಳ್ಳಿ ಬರುತ್ತದೆಂದು ಹೇಳುವಾಗ ಅವರ ಕನ್ನಡಕ ಮಂಜಾಗುತ್ತಿತ್ತು. ಅದನ್ನೇ ಹೇಳಿದೆ. "ಅದು ಮನಿಗೆ ಹೊಳ್ಳಿ ಬರೂ ಮೀನಂತ. ಅದಕ್ಕ."

ಕಾಕಾ ನಕ್ಕ. "ಮೀನಿಗ್ಯಾವ ಮನಿರಿ ತಾಯಿ? ನೀರ ಎಲ್ಲಿ ಐತಿ ಅಲ್ಲಿ ಮನಿ."

ಅಪ್ಪ ನಗಲಿಲ್ಲ. ನನ್ನನ್ನೇ ಒಂದು ಗಳಿಗೆ ನೋಡಿ, "ಆಗಲಿ. ಭೀಮಾಕ್ಕೇ ಹೋಗೂಣು," ಎಂದರು.

ಎರೆಯ ಹಿಟ್ಟನ್ನು ಯಾವಾಗಲೂ ಅಪ್ಪನೇ ಹೊರಗಿನ ಕಟ್ಟೆಯ ಮೇಲೆ ಒಂದು ಒಡಕು ಎನಾಮಲ್ ಬೋಗುಣಿಯಲ್ಲಿ ನಾದುತ್ತಿದ್ದರು. ಆ ಬೋಗುಣಿ ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಆ ಸಲ ಹಿಟ್ಟು ನಾನೇ ನಾದುತ್ತೇನೆಂದು ಹಟ ಹಿಡಿದೆ. ಅಪ್ಪನಿಗೆ ಖುಷಿಯಾಗಲಿ ಎಂಬುದು ಬಿಟ್ಟು ಬೇರೇನೂ ತಲೆಯಲ್ಲಿರಲಿಲ್ಲ. ಅತ್ತೆ ಗುಡಿಗೆ ಹೋಗಿದ್ದರು. ಬೋಗುಣಿಯ ನೆನಪೇ ಆಗದೆ, ಅಡುಗೆಮನೆಯ ಹಿತ್ತಾಳೆಯ ಪರಾತದಲ್ಲೇ ಜೋಳದ ಹಿಟ್ಟು, ಗೋಧಿ ಹಿಟ್ಟು, ಇಂಗು, ಬೆಲ್ಲ ಎಲ್ಲ ಹಾಕಿ ಮೊಣಕೈತನಕ ಹಿಟ್ಟಾಗಿ ನಾದಿದೆ. ಒದ್ದೆ ಬಟ್ಟೆ ಮುಚ್ಚಿ, ಒಲೆಯ ಪಕ್ಕದಲ್ಲೇ ಇಟ್ಟೆ. ಪರಾತದಲ್ಲಿರುವುದು ಮೀನಿನ ಹಿಟ್ಟೆಂದು ಯಾರಿಗೂ ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೇ ಇಲ್ಲ.

ಮರುದಿನ ನಸುಕಿನಲ್ಲಿ ನಾನು ಏಳುವ ಹೊತ್ತಿಗೆ ದಮಣಿ ಕಟ್ಟಿಯಾಗಿತ್ತು. ಅತ್ತೆ ಎರಡು ಗಂಟು ಕೊಟ್ಟರು; ಒಂದರಲ್ಲಿ ರೊಟ್ಟಿ, ಖಾರದ ಹಿಂಡಿ, ಮೊಸರು. ಇನ್ನೊಂದನ್ನು ನನ್ನ ಕೈಯಲ್ಲೇ ಇಟ್ಟು ಕೆನ್ನೆ ಸವರಿದರು. "ನೀ ಮಾಡಿಟ್ಟಿದ್ದು. ಹೊಳ್ಯಾಗ ಬಿಚ್ಚು." ಹಿಟ್ಟಿನ ಉಂಡೆ ಎಂದುಕೊಂಡು ನಾನು ಅದನ್ನು ಮಡಿಲಲ್ಲಿ ಇಟ್ಟುಕೊಂಡೇ ಕುಳಿತೆ. ಅತ್ತೆಯ ಕಣ್ಣಲ್ಲಿ ಅಷ್ಟೊಂದು ಸಂತೋಷ ಯಾಕಿತ್ತೆಂದು ಕೇಳಿಕೊಳ್ಳಲಿಲ್ಲ.

ಮೊದಲ ದಿನ ಮಾತಿಗೆ ಎಡೆ ಸಿಗಲಿಲ್ಲ. ಮುಂದೆ ಗಾಡಿ ಹೊಡೆಯುವವನು, ಹಿಂದೆ ಕಾಲು ಇಳಿಬಿಟ್ಟು ಕುಳಿತ ಕಾಕಾ, ನಡುವೆ ಅಪ್ಪ ಮತ್ತು ನಾನು. ಬಿಸಿಲೇರಿದ ಮೇಲೆ ಅಪ್ಪ ಪೇಟ ಕಣ್ಣಿನ ಮೇಲೆ ಎಳೆದುಕೊಂಡು ನಿದ್ದೆ ಹೋದರು. ಎರಡೂ ಕಡೆ ಜೋಳ ಕಿತ್ತ ಕರಿನೆಲ ಬಾಯಿ ಬಿಟ್ಟು ಮಲಗಿತ್ತು. ನಾನು ಮನಸ್ಸಿನಲ್ಲೇ ಮಾತು ಹೊಂದಿಸುತ್ತಿದ್ದೆ. ನಾಚಿಕೆಯ ಸಂಗತಿ ಏನೆಂದರೆ, ಆ ಮಾತು ನನಗೆ ಮೊದಲು ಇಂಗ್ಲಿಷಿನಲ್ಲೇ ಬರುತ್ತಿತ್ತು. ಆಮೇಲೆ ಅದನ್ನು ಕನ್ನಡಕ್ಕೆ ತರಬೇಕಾಗುತ್ತಿತ್ತು. ಸಂಜೆ ಭಂಡಾರಕವಠೆ ಮುಟ್ಟಿದರೆ, ಓವರ್‌ಸಿಯರ್ ಸಾಹೇಬರು ಬಂದರೆಂದು ಊರ ಹಿರಿಯರೆಲ್ಲ ಚಾವಡಿಗೆ ಬಂದು ಸುತ್ತಗಟ್ಟಿ ಕುಳಿತರು. ಇರಲಿ, ನಾಳೆಯ ದಿನ ಇಡೀ ನಮ್ಮದು ಎಂದುಕೊಂಡೆ.

ಹೊಳೆಯ ದಂಡೆಗುಂಟ ಎರಡು ಮೈಲು ನಡೆದು ಮಡುವಿನ ಹತ್ತಿರ ಬಂದಾಗ ಸೂರ್ಯ ಆಗಷ್ಟೇ ಮೂಡುತ್ತಿದ್ದ. ಭೀಮೆ ಆ ತಿಂಗಳಲ್ಲಿ ಹೊಳೆಯಂತೆ ಕಾಣುವುದಿಲ್ಲ. ಮರಳು, ಬಂಡೆ, ನಡುನಡುವೆ ಹಸಿರು ನೀರು. ಮಡುವಿನ ನೀರು ಮಾತ್ರ ಕಪ್ಪಗಿತ್ತು. ನಾವು ನೋಡುತ್ತಿದ್ದ ಹಾಗೇ ಒಂದು ಬೆನ್ನು ಮೇಲಕ್ಕೆ ಬಂತು. ತಾಮ್ರದ ಬಣ್ಣ, ಒಂದೊಂದು ಪೊರೆಯೂ ರೂಪಾಯಿಯಷ್ಟು ಅಗಲ. ಅವಸರವಿಲ್ಲದೆ ಹೊರಳಿ, ಬಾಲದಿಂದ ನೀರನ್ನು ಒಮ್ಮೆ ಬಡಿದು ಕೆಳಗಿಳಿಯಿತು.

"ನೋಡಿದೇನವ್ವಿ?" ಎಂದರು ಅಪ್ಪ, ಉಸುರಿನಲ್ಲೇ. ಅವ್ವಿ. ಆ ದಿನ ಅವರು ನನ್ನನ್ನು ಮಡ್ಡಮ್ಮ ಎನ್ನಲಿಲ್ಲ. "ಹಿಟ್ಟ ಕೊಡು, ಲಗೂ."

ನಾನು ಗಂಟು ಬಿಚ್ಚಿದೆ.

ಎಂಟು ಥಾಲಿಪೆಟ್ಟು. ಉಳ್ಳಾಗಡ್ಡಿ, ಹಸಿಖಾರ, ಎಳ್ಳು ಹಚ್ಚಿ, ಎಣ್ಣೆ ಬಿಟ್ಟು ಕೆಂಪಗೆ ಬೇಯಿಸಿದ್ದು. ನಾನು ಮೊದಲ ಸಲ ಅಡುಗೆಮನೆಯಲ್ಲಿ ಕೂತು ಹಿಟ್ಟು ನಾದಿದ್ದೇನೆ, ಅದೂ ಮರೆಯದೆ ಇಂಗು ಹಾಕಿ ನಾದಿದ್ದೇನೆ ಎಂದು ಅತ್ತೆ ಹಿಗ್ಗಿಹೋಗಿ, ನಸುಕಿನಲ್ಲೆದ್ದು ಅದನ್ನು ತಟ್ಟಿ ಬೇಯಿಸಿ ಕಟ್ಟಿದ್ದರು.

ಮೊದಲು ಕಾಕಾ ನಕ್ಕ. ಬಂಡೆಯ ಮೇಲೆ ಕುಸಿದು ಕೂತು ನಕ್ಕ. "ಮೀನಿಗೆ ಬುತ್ತಿ ಕಟ್ಟಿ ಕಳಿಸ್ಯಾರಲ್ರಿ ಅಕ್ಕಾರು! ಹಿಂಡಿ ಒಂದ ಕಡಿಮಿ ಆತು ನೋಡ್ರಿ!" ಅಪ್ಪನೂ ನಕ್ಕರು. ಒಂದು ತುಣುಕು ಮುರಿದು ಗಾಳಕ್ಕೆ ಒತ್ತಿ ನೋಡಿದರು. ಉದುರಿ ನೀರಿಗೆ ಬಿತ್ತು, ಎಣ್ಣೆ ತೇಲಿತು. ಇನ್ನೊಂದು ತುಣುಕನ್ನು ತಾವೇ ತಿಂದರು. "ಚಲೋ ಆಗ್ಯದ," ಎಂದರು.

ಊರಿಗೆ ಹೋಗಿ ಹಿಟ್ಟು ತರಬಹುದೇ ಎಂದು ನಾನು ಕೇಳಿದೆ. ಕಾಕಾ ಸೂರ್ಯನನ್ನು ನೋಡಿದ. "ಹೋಗಿ ಬರೂದ್ರಾಗ ಬಿಸಲ ಏರ್ತದ್ರಿ. ಬಿಸಲ ಬಿದ್ದ ಮ್ಯಾಲ ಅದು ತಳಾ ಹಿಡದು ಕೂಡ್ತದ, ಏನ ಹಾಕಿದ್ರೂ ಏಳಂಗಿಲ್ಲ." ಆಮೇಲೆ ತಲೆ ಕೆರೆದುಕೊಂಡು ಹೇಳಿದ, "ಮೀನ ಬದಲ ಮಾಡಿದ್ರ ಆಗ್ತದ. ಆ ಬಂಡೆಗಲ್ಲಿನ ಬುಡಕ ವಾಮ ಅದಾವ. ಆದ್ರ ಅದಕ್ಕ ಎರೆಹುಳಾ ಬೇಕು. ಸಾಹೇಬ್ರು ಒಪ್ಪಂಗಿಲ್ಲ."

ವಾಮ ಎಂದರೆ ಹಾವಿನಂತೆ ಉದ್ದವಾಗಿರುವ ಮೀನು. ನಮ್ಮ ಮೂರರ ಪಟ್ಟಿಯಲ್ಲಿ ಅದು ಎಂದೂ ಇರಲಿಲ್ಲ.

"ಬ್ಯಾಡ ಬಿಡು," ಎಂದರು ಅಪ್ಪ, ರೀಲು ಸುತ್ತಿಕೊಳ್ಳುತ್ತ. "ಇವತ್ತ ಯೋಗ ಇಲ್ಲ. ಈಗ ಹೊಂಟ್ರ ತಂಪೊತ್ತಿನ್ಯಾಗ ಅರ್ಧಾ ದಾರಿ ಆಗ್ತದ. ನನಗೂ ಕಚೇರ್ಯಾಗ ಕೆಲಸ ಅದ."

ಇಷ್ಟೇ. ಮೂರು ದಿನದಲ್ಲಿ ಎರಡು ದಿನ ಹೋದಂತೆ. ಇನ್ನು ದಮಣಿ, ಗಾಡಿಯವನು, ಕಣ್ಣಿನ ಮೇಲೆ ಪೇಟ. ಆಗಲೇ ಹೇಳಿಬಿಡಬಹುದಿತ್ತು, ಕಾಕಾ ನಾಲ್ಕು ಮಾರು ದೂರ ಇದ್ದ. ಆದರೆ ನನಗೆ ತೋಚಿದ್ದು ಒಂದೇ: ಅಪ್ಪ ಏಳಬಾರದು, ಕೋಲು ಮಡಚಬಾರದು.

"ಹುಳಾ ನಾ ಚುಚ್ಚತೀನಿ," ಎಂದೆ.

ಬಂಡೆಯ ನೆರಳಲ್ಲಿ ಹಸಿ ಕೆಸರಿತ್ತು. ಕುಕ್ಕರಗಾಲಲ್ಲಿ ಕೂತು, ಕಡ್ಡಿಯಿಂದ ಕೆದರಿ, ಒಂದು ಎರೆಹುಳ ಎತ್ತಿದೆ. ಹೆದರಿಕೆ ಏನೂ ಇರಲಿಲ್ಲ. ಸಿಸ್ಟರ್ ನಮ್ಮ ಅಂಗೈ ಮೇಲೆ ಹುಳ ಬಿಟ್ಟು ಎಣಿಕೆ ಮಾಡಿಸುತ್ತಿದ್ದರು, ಎಷ್ಟು ರಿಂಗ್, ಎಲ್ಲಿ ತಲೆ ಎಂದು. ಅಪ್ಪ ಕೈ ಚಾಚಿ, "ಬ್ಯಾಡ," ಎಂದರು. ನಾನು ತಲೆ ಎತ್ತಿ ಅವರನ್ನು ನೋಡಿ ನಕ್ಕೆ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಇಂಗ್ಲಿಷೇ.

"ಇಟ್ ಈಸ್ ಓನ್ಲಿ ಅ ವರ್ಮ್, ಪಪ್ಪಾ."

ಚುಚ್ಚಿದೆ. ಹುಳ ಬೆರಳಿಗೆ ಸುತ್ತಿಕೊಂಡಿತು. ಅಪ್ಪನ ಕೈ ಮೆಲ್ಲಗೆ ಹಿಂದೆ ಸರಿಯಿತು. ಕೋಲು ನನಗೇ ಕೊಟ್ಟರು.

ಆಮೇಲೆ ಒಂದು ತಾಸು ಕೂತೆವು. ನಾನು ಬಯಸಿದ ತಾಸು ಅದೇ, ಅಪ್ಪ ಪಕ್ಕದಲ್ಲಿ, ಎದುರಿಗೆ ನೀರು. ಆದರೆ ಆ ದಿನ ಅಪ್ಪ ದಾರವನ್ನು ನೋಡಲಿಲ್ಲ, ನನ್ನನ್ನು ನೋಡುತ್ತಿದ್ದರು. ಅವರು ನೋಡುತ್ತಿದ್ದರೆ ನನಗೆ ಮಾತು ಬರುವುದಿಲ್ಲ. ಅಪ್ಪಾ, ಎಂದು ಎರಡು ಸಲ ಶುರು ಮಾಡಿದೆ. ಎರಡನೇ ಸಲ "ಏನವ್ವಿ?" ಎಂದು ಅವರು ಬಾಗಿದಾಗಲೇ ದಾರ ಎಳೆಯಿತು.

ವಾಮವೇ. ಬಂಡೆಯ ಮೇಲೆ ಹಾಕಿದರೆ ಹೊರಳಾಡಿತು. ಅಪ್ಪ ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಲು ಕೂತರು. ಹಿಟ್ಟು ತಿನ್ನುವ ಮೀನಿಗೆ ಗಾಳ ತುಟಿಯಲ್ಲೇ ಸಿಕ್ಕಿರುತ್ತಿತ್ತು. ಇದು ಹುಳದ ಸಂಗಡ ಗಾಳವನ್ನೂ ಹೊಟ್ಟೆಯತನಕ ನುಂಗಿತ್ತು. ಎಷ್ಟೋ ಹೊತ್ತು ಬಿಡಿಸುತ್ತಲೇ ಇದ್ದರು. ಅವರ ಅಂಗಿಯ ತೋಳಿಗೆ ನೆತ್ತರು ಹತ್ತಿತು. ಕೊನೆಗೆ ಬಿಟ್ಟಾಗ ಅದು ನೀರಿನ ಮೇಲೆ ಹೊಟ್ಟೆ ಮೇಲಾಗಿ ತೇಲಿತು. ಅಪ್ಪ ಅದನ್ನು ಬೆರಳಿನಿಂದ ಒಮ್ಮೆ ಮುಟ್ಟಿ ತಿರುವಿ ನೋಡಿದರು. ಹೊಳ್ಳಿ ಹೊಟ್ಟೆ ಮೇಲಾಯಿತು.

"ಸುಮ್ಮ ಯಾಕ ಹಾಳ ಮಾಡ್ತೀರಿ? ನಮ್ಮ ಮನ್ಯಾಗ ತಿಂತೀವ್ರಿ," ಎಂದು ಕಾಕಾ ಅದನ್ನೆತ್ತಿ ರುಮಾಲಿಗೆ ಸುತ್ತಿಕೊಂಡ. ನನ್ನ ಮುಖ ನೋಡಿ, ಮೆಲ್ಲಗೆ, "ಏನ ತಪ್ಪಿಲ್ಲ ತಾಯಿ," ಎಂದ. ಅವನು ಏನನ್ನೋ ತಿಳಿದುಕೊಂಡಿದ್ದ. ಆದರೆ ಕೇಳುವವನಲ್ಲ.

ಅಪ್ಪ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ಅತ್ತುಬಿಡುತ್ತಿದ್ದೆ, ಎಲ್ಲ ಹೊರಬೀಳುತ್ತಿತ್ತು. ಹೊಳ್ಳಿ ಬರುವಾಗ, ಮಂದ್ರೂಪದ ಹತ್ತಿರ ಎತ್ತುಗಳಿಗೆ ನೀರು ಕುಡಿಸಲು ನಿಂತಾಗ, ಬೇವಿನ ಗಿಡದ ಕೆಳಗೆ ನನ್ನ ಪಕ್ಕಕ್ಕೆ ಬಂದು ಕೂತು, ಥಾಲಿಪೆಟ್ಟು ಮುರಿದು ಅರ್ಧ ನನಗೆ ಕೊಟ್ಟು ಹೇಳಿದರು:

"ನಾ ಅನಕೊಂಡಿದ್ದೆ, ಅಲ್ಲಿ ನೀ ಅಂಜಿಕೊಂಡು, ಕುಗ್ಗಿಕೊಂಡು ಇದ್ದಿ ಅಂತ. ಮನಿಗೆ ಹೊಳ್ಳಿ ಬರೂ ಮೀನ ಅಂದಿ ನೋಡು, ಅವತ್ತ ಹಂಗ ಅನಸ್ತು. ಈ ಸಲ ಇಟಗೊಂಡಬಿಡೂಣು ಅಂತ ಮಾಡಿದ್ದೆ." ಇನ್ನೊಂದು ತುಣುಕು ಮುರಿದರು. "ಇವತ್ತ ನೋಡಿದೆ. ನೀ ಗಟ್ಟಿ ಅದಿ. ನನಗ ಆಗದ್ದು ನಿನಗ ಆಗ್ತದ. ನಿನಗ ಅಲ್ಲೇ ಚಲೋ. ಮ್ಯಾಟ್ರಿಕ್ ಮಾಡು. ಏನಂತಿ?"

ಅಪ್ಪ ನನ್ನನ್ನು ಮೆಚ್ಚಿ ಆಡಿದ ಮೊದಲ ಮಾತು ಅದು. ಆ ಮಾತನ್ನು ಹೇಗೆ ಬೇಡವೆನ್ನಲಿ? ಇಲ್ಲಪ್ಪಾ, ನಾನು ಗಟ್ಟಿಯಲ್ಲ, ನಿನ್ನ ಪಕ್ಕದಲ್ಲಿ ಇನ್ನೊಂದು ತಾಸು ಕೂಡಬೇಕೆಂದು ಆ ಹುಳ ಚುಚ್ಚಿದೆ ಎಂದರೆ, ಆ ಮೆಚ್ಚುಗೆಯನ್ನು ತಿರುಗಿ ಅವರ ಕೈಗೇ ಇಟ್ಟಂತಾಗುತ್ತಿತ್ತು. ಬಾಯಿ ತುಂಬ ಥಾಲಿಪೆಟ್ಟಿತ್ತು. ಹ್ಞೂಂ ಎಂದು ತಲೆಯಾಡಿಸಿದೆ.

ಮನೆ ಮುಟ್ಟಿದಾಗ ಅತ್ತೆ ಬಾಗಿಲಲ್ಲೇ ಕೇಳಿದರು, "ಹ್ಯಾಂಗಾಗಿತ್ತು ನಿನ್ನ ಹಿಟ್ಟ?" ಅಪ್ಪ ನನಗಿಂತ ಮೊದಲು ಉತ್ತರ ಕೊಟ್ಟರು, "ಒಂದೂ ಉಳೀಲಿಲ್ಲ ಅಕ್ಕಾ." ಪರಾತದಲ್ಲಿ ಇದ್ದದ್ದು ಮೀನಿನ ಎರೆ ಎಂದು ಅತ್ತೆಗೆ ನಾವು ಯಾರೂ ಹೇಳಲಿಲ್ಲ. ಅವರು ಸಾಯುವತನಕ ಅದನ್ನು ನನ್ನ ಮೊದಲ ಅಡುಗೆ ಎಂದೇ ಊರಿಗೆಲ್ಲ ಹೇಳುತ್ತಿದ್ದರು.

ಆ ವರ್ಷದ ದೀಪಾವಳಿಗೆ ಮೊದಲೇ, ಒಂದು ರಸ್ತೆಯ ಕ್ಯಾಂಪಿನಲ್ಲಿ ಅಪ್ಪನಿಗೆ ಜ್ವರ ಬಂದು ನಾಲ್ಕೇ ದಿನಕ್ಕೆ ಹೋದರು. ಮದರ್ ಸುಪೀರಿಯರ್ ನನ್ನನ್ನು ಪಾರ್ಲರಿಗೆ ಕರೆಸಿ, ಮೊದಲು ಕೂಡಿಸಿ, ಆಮೇಲೆ ತಂತಿ ಓದಿದರು. ನಾನು ಊರು ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಬಂದಿದ್ದರು. ಕಪಾಟಿನಲ್ಲಿ ಕೆಂಪು ಲಾಡಿಯ ಫೈಲು ಇತ್ತು, ಕೊನೆಯ ಪತ್ರವನ್ನೂ ಪೋಣಿಸಿಯಾಗಿತ್ತು. ಅಪ್ಪ ಮತ್ತೆ ಮೀನಿಗೆ ಹೋಗಿದ್ದರೇ ಎಂದು ಅತ್ತೆಯನ್ನು ಕೇಳಿದೆ.

"ಎಲ್ಲಿ ಹೋಗ್ಯಾನ? ನೀ ಹೋದ ಮ್ಯಾಲ ಕೋಲ ಮೂಲಿ ಬಿಟ್ಟು ಎದ್ದಿಲ್ಲ. ಆದ್ರ ಮನ್ಯಾಗ ಇದ್ದ ದಿನಾ ಸಂಜಿಕಿ ಆ ರೀಲ ತಗೊಂಡು ಪಡಸಾಲ್ಯಾಗ ಕೂಡಾಂವ. ಕಿರ್ರ್ ಕಿರ್ರ್ ಕಿರ್ರ್. ಹೋಗೂದಿಲ್ಲ, ಬರೂದಿಲ್ಲ. ನಾ ಬೈತಿದ್ದೆ. ಒಮ್ಮೊಮ್ಮಿ ಒಳಗಿನ ಬಾಗಲಾ ಕಡೆ ನೋಡಾಂವ."

ಅಪ್ಪನನ್ನು ನಾನು ಕೊನೆಯ ಸಲ ನೋಡಿದ್ದು ಸೊಲ್ಲಾಪುರ ಸ್ಟೇಶನ್ನಿನಲ್ಲಿ, ಅದೇ ವರ್ಷದ ಜೂನ್ ತಿಂಗಳಲ್ಲಿ, ಸೂಟಿ ಮುಗಿದಾಗ. ಆ ಕಡೆಯ ಹುಡುಗಿಯರನ್ನೆಲ್ಲ ಕೂಡಿಸಿಕೊಂಡು ಹೋಗಲು ಒಬ್ಬರು ಸಿಸ್ಟರ್ ಬಂದಿದ್ದರು. ಅಪ್ಪ ನನ್ನ ಟ್ರಂಕನ್ನು ಲೇಡೀಸ್ ಡಬ್ಬಿಗೆ ಏರಿಸಿ, ನನ್ನನ್ನು ಕಿಟಕಿಯ ಪಕ್ಕಕ್ಕೆ ಕೂಡಿಸಿ, ಕೆಳಗಿಳಿದು ಸರಳು ಹಿಡಿದು ನಿಂತರು. ಸಿಸ್ಟರ್ ನನ್ನ ಬೆನ್ನ ಹಿಂದೆಯೇ ತಲೆ ಎಣಿಸುತ್ತಿದ್ದರು.

"ಏನರ ಹೇಳೂದದ ಏನವ್ವಿ?" ಎಂದರು ಅಪ್ಪ.

"ನೋ, ಪಪ್ಪಾ," ಎಂದೆ.

ದಾರಿಗೆ ಬಾಳೆಹಣ್ಣು ತರುತ್ತೇನೆಂದು ಅವರು ಹೋದರು. ಅಷ್ಟರಲ್ಲಿ ಸಿಸ್ಟರ್, ದೊಡ್ಡವಳಾದ ನಾನು ಸಣ್ಣವರಿಗೆ ಕಿಟಕಿ ಬಿಟ್ಟುಕೊಡಬೇಕೆಂದು, ನನ್ನನ್ನು ಎಬ್ಬಿಸಿ ಅದೇ ಬದಿಯ ಕೊನೆಯ ಬೆಂಚಿಗೆ ಕಳಿಸಿದರು. ಗಾಡಿ ಸೀಟಿ ಹೊಡೆದು ಅಲುಗಾಡಿತು. ಅಪ್ಪ ಬಾಳೆಹಣ್ಣು ಎದೆಗೆ ಅವಚಿಕೊಂಡು ಓಡುತ್ತ ಬಂದರು, ನನ್ನನ್ನು ಬಿಟ್ಟು ಹೋಗಿದ್ದ ಕಿಟಕಿಗೇ ಬಂದರು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದರು. ಒಳಗಿನ ಕತ್ತಲಲ್ಲಿ ಅವರಿಗೆ ಕಂಡದ್ದು ಬಿಳಿ ಫ್ರಾಕು, ಎರಡು ಜಡೆ. ಹಣ್ಣನ್ನು ಸರಳಿನ ಒಳಗೆ ತೂರಿಸಿದರು. ಒಂದು ಪುಟ್ಟ ಕೈ ಅದನ್ನು ತೆಗೆದುಕೊಂಡಿತು. ನಾನು ಕೊನೆಯ ಕಿಟಕಿಯತ್ತ ಬಾಗಿ, ಸರಳಿನಿಂದ ಕೈ ಹೊರಗೆ ಹಾಕಿ ಬೀಸಿದೆ. ಕೂಗಬಹುದಿತ್ತು, ಆದರೆ ಸಿಸ್ಟರ್ ಅಲ್ಲೇ ಇದ್ದರು, ನಾವು ಕೂಗುವಂತಿರಲಿಲ್ಲ. ಅಪ್ಪ ಆ ಕಿಟಕಿಯ ಜೊತೆಗೇ ನಡೆಯುತ್ತ, ಆಮೇಲೆ ಓಡುತ್ತ, ಪ್ಲಾಟ್‌ಫಾರ್ಮು ಮುಗಿಯುವತನಕ ಕೈ ಬೀಸಿದರು. ಆ ಹುಡುಗಿ ಒಳ್ಳೆಯವಳು. ಅವಳೂ ಕೈ ಬೀಸಿದಳು.